ಟ್ರೆಂಟ್ ಹಡಗು ಮತ್ತು ತಿದ್ದಿದ ಪತ್ರ

ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಜಗಳವಾದರೆ ಸಾಕು, ‘ಎಲ್ಲರ ಮುಂದೆ ಕ್ಷಮೆ ಕೇಳು’ ಎಂದು ಹಟ ಹಿಡಿಯುತ್ತೇವೆ. ಅಂಥ ಗೆಳೆಯರಿಗೆ ನಾನು ‘ಟ್ರೆಂಟ್’ ಹಡಗಿನ ಕಥೆ ಹೇಳಬೇಕೆಂದಿದ್ದೇನೆ.

1861, ಅಮೆರಿಕದ ಅಂತರ್ಯುದ್ಧದ ಕಾಲ. ನವೆಂಬರ್ 8ರಂದು, ಹವಾನಾದಿಂದ ಹೊರಟಿದ್ದ ಈ ಬ್ರಿಟಿಷ್ ಅಂಚೆ ಹಡಗನ್ನು ಉತ್ತರದ ಸರ್ಕಾರದ ನೌಕಾ ಕ್ಯಾಪ್ಟನ್ ಚಾರ್ಲ್ಸ್ ವಿಲ್ಕ್ಸ್ ತಡೆದ. ಅದರಲ್ಲಿದ್ದ ದಕ್ಷಿಣದ ಇಬ್ಬರು ಪ್ರತಿನಿಧಿಗಳಾದ ಮೇಸನ್ ಮತ್ತು ಸ್ಲೈಡೆಲ್‌ರನ್ನು ಸೆರೆಹಿಡಿದ. ಮೇಲಿನವರ ಅಪ್ಪಣೆಯೇ ಇರಲಿಲ್ಲ! ಆದರೂ ಉತ್ತರದ ಜನ ಅವನನ್ನು ಹೊಗಳಿ ಮೆರೆಸಿದರು. ಇತ್ತ ಬ್ರಿಟನ್ ಕೆನಡಾಕ್ಕೆ ಸೈನ್ಯ ಕಳಿಸತೊಡಗಿತು.

ಲಂಡನ್ನಿನಿಂದ ಹೊರಡಬೇಕಿದ್ದ ಪತ್ರದ ಕರಡು ಬಹಳ ಖಾರವಾಗಿತ್ತು. ರಾಣಿ ವಿಕ್ಟೋರಿಯಾರ ಪತಿ ಆಲ್ಬರ್ಟ್ ಕಾಯಿಲೆಯಲ್ಲೇ ಅದನ್ನು ತಿದ್ದಿದರು. ಕ್ಯಾಪ್ಟನ್ ಸರ್ಕಾರದ ಆದೇಶವಿಲ್ಲದೆ ಹೀಗೆ ಮಾಡಿರಬಹುದೆಂಬ ಮಾತು ಸೇರಿಸಿದರು. ಬೇಡಿಕೆ ಕಡಿಮೆಯಾಗಲಿಲ್ಲ, ಕೈದಿಗಳನ್ನು ಬಿಡಲೇಬೇಕಿತ್ತು. ಆದರೆ ಅಧ್ಯಕ್ಷ ಲಿಂಕನ್‌ಗೆ ಮಾನ ಉಳಿಸಿಕೊಂಡು ಒಪ್ಪಲು ದಾರಿ ಸಿಕ್ಕಿತು. ಅಟ್ಲಾಂಟಿಕ್ ದಾಟುವ ತಂತಿ ಆಗ ಕೆಲಸ ಮಾಡುತ್ತಿರಲಿಲ್ಲ. ಪತ್ರ ಹಡಗಿನಲ್ಲಿ ಹೋಗುವಷ್ಟರಲ್ಲಿ ಸಿಟ್ಟೂ ಇಳಿಯಿತು ಎನ್ನುವವರಿದ್ದಾರೆ. ಇರಬಹುದು, ಆದರೆ ನಾನು ಹೆಚ್ಚು ಅಂಕ ಕೊಡುವುದು ಆ ಒಂದು ಮಾತಿಗೆ.

ಡಿಸೆಂಬರ್ 26ರಂದು ಲಿಂಕನ್ ಸಂಪುಟ ಬಿಡುಗಡೆಗೆ ಒಪ್ಪಿತು. ಆಲ್ಬರ್ಟ್ 14ರಂದೇ ತೀರಿಕೊಂಡಿದ್ದರು. ಬ್ರಿಟನ್ ಕ್ಷಮೆಯನ್ನೂ ಕೇಳಿತ್ತು. ಅಮೆರಿಕ ಕೈದಿಗಳನ್ನು ಬಿಟ್ಟಿತು, ಕ್ಷಮೆ ಕೇಳಲಿಲ್ಲ. ಬ್ರಿಟನ್ ಅಷ್ಟಕ್ಕೇ ಸುಮ್ಮನಾಯಿತು.