ಮುಖಪುಟದಾಚೆ ನಿಂತ ಕೈಗಳು

ಪುಸ್ತಕವನ್ನು ಕೈಗೆತ್ತಿಕೊಂಡಾಗ ಲೇಖಕರ ಹೆಸರನ್ನು ಓದುತ್ತೇವೆ. ಮುಖಪುಟದ ಚಿತ್ರ ಬರೆದವರು ಯಾರೆಂದು ಕೇಳುವವರು ಎಷ್ಟು ಮಂದಿ? ಪ್ರಕಾಶಕರು ಸಾಮಾನ್ಯವಾಗಿ ಪರಿಚಿತರಿಗೆ, ಈಗಾಗಲೇ ಮುಖಪುಟ ರಚಿಸಿದವರಿಗೆ ಕೆಲಸ ಒಪ್ಪಿಸುತ್ತಾರೆ. ಮೊದಲ ಅವಕಾಶವೇ ಸಿಗದವರಿಗೆ ಎರಡನೆಯದು ಸಿಗುವುದಾದರೂ ಹೇಗೆ?

ಗೊಂಡ ಸಮುದಾಯದ ಭಜ್ಜು ಶ್ಯಾಮ್ ಒಂದು ಕಾಲದಲ್ಲಿ ಭೋಪಾಲದಲ್ಲಿ ರಾತ್ರಿ ಕಾವಲುಗಾರರಾಗಿದ್ದರು. ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ಅವರ 'ದಿ ಲಂಡನ್ ಜಂಗಲ್ ಬುಕ್' ಪ್ರಕಟಿಸಿತು. ಅದರಲ್ಲಿ ಲಂಡನ್ನಿನ ಗಡಿಯಾರ ಗೋಪುರ ಹುಂಜದೊಂದಿಗೆ ಬೆಸೆದುಕೊಂಡಿದೆ. ಎರಡೂ ಹೊತ್ತು ತಿಳಿಸುವವುಗಳೇ ತಾನೆ! 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೆ ಆದಿವಾಸಿ ಕಲಾವಿದರಿಗೆ ಕಾಡಿನ ಕಥೆ ಮಾತ್ರ ಎಂಬ ಅಲಿಖಿತ ನಿಯಮವೊಂದಿದೆ. ನಗರದ ಕಾದಂಬರಿಯ ಅಥವಾ ಚರಿತ್ರೆಯ ಗ್ರಂಥದ ಮುಖಪುಟಕ್ಕೆ ಅವರು ನೆನಪಾಗುವುದು ವಿರಳ. 2011ರಲ್ಲಿ ನವಯಾನ ಪ್ರಕಾಶನದ 'ಭೀಮಾಯನ' ಈ ಗೆರೆಯನ್ನು ದಾಟಿತು. ಅಂಬೇಡ್ಕರರ ಬದುಕನ್ನು ಚಿತ್ರಿಸಿದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಪಾತ್ರಗಳನ್ನು ಚೌಕಗಳೊಳಗೆ ಕೂಡಿಹಾಕಲು ಒಪ್ಪಲಿಲ್ಲ. ಸೌಮ್ಯವಾದ ಮಾತುಗಳಿಗೆ ಹಕ್ಕಿಯ ಆಕಾರ ಕೊಟ್ಟರು, ವಿಷದ ಮಾತುಗಳಿಗೆ ಚೇಳಿನ ಕೊಂಡಿ.

ಇಂಥವರಿಗಾಗಿ ಸ್ಪರ್ಧೆ ಏರ್ಪಡಿಸುವುದು ಈಗಿನ ರೂಢಿ. ನೂರು ಮಂದಿ ದುಡಿಯುತ್ತಾರೆ, ಒಬ್ಬರಿಗೆ ಹಣ ಸಲ್ಲುತ್ತದೆ. ಇದಕ್ಕಿಂತ ಪ್ರತಿ ಪ್ರಕಾಶಕರೂ ವರ್ಷಕ್ಕೆ ಒಂದೆರಡು ಮುಖಪುಟಗಳನ್ನಾದರೂ ಇದುವರೆಗೆ ಅವಕಾಶ ಸಿಗದವರಿಗೆ ನೇರವಾಗಿ ಒಪ್ಪಿಸಲಿ, ಮುಂಗಡ ಕೊಡಲಿ, ಹೊರರಕ್ಷಾಪುಟದಲ್ಲೇ ಹೆಸರು ಮುದ್ರಿಸಲಿ. ಚಿತ್ರ ಒಪ್ಪಿಗೆಯಾಗದಿದ್ದರೂ ದುಡಿಮೆಯ ಕೂಲಿಯನ್ನು ತಡೆಯದಿರಲಿ.