ತೂಕ ಬರೆದುಕೊಂಡ ಮೇಲೆ?

ಜೂನ್ ಕಳೆದು ಜುಲೈ ಬಂತೆಂದರೆ ಬೆಂಗಳೂರಿನ ಅರೆಕೆರೆಯ ಖಾಸಗಿ ಶಾಲೆಗಳಲ್ಲಿ ಹೆಲ್ತ್ ಚೆಕಪ್ ಸುಗ್ಗಿ. ಯಾವುದಾದರೊಂದು ಆಸ್ಪತ್ರೆಯವರು ಬಂದು ಬ್ಯಾನರ್ ಕಟ್ಟುತ್ತಾರೆ. ಒಂಬತ್ತೂವರೆಗೆ ಶುರುವಾದರೆ ಊಟದ ಬೆಲ್ ಹೊಡೆಯುವಷ್ಟರಲ್ಲಿ ಮುನ್ನೂರು ಮಕ್ಕಳು ‘ಮುಗಿದಿರುತ್ತಾರೆ’. ಎತ್ತರ, ತೂಕ, ಕಣ್ಣು, ಹಲ್ಲು, ಮುಂದೆ ನಡಿ. ಸಂಜೆ ಬ್ಯಾಗಿನಲ್ಲಿ ಒಂದು ಬಣ್ಣದ ಕಾರ್ಡು, ಅದರ ಬೆನ್ನಿಗೆ ಆಸ್ಪತ್ರೆಯ ರಿಯಾಯಿತಿ ಕೂಪನ್ನು. ಲೆಕ್ಕ ಹಾಕಿದರೆ ಮಗುವೊಂದಕ್ಕೆ ಮುಕ್ಕಾಲು ನಿಮಿಷವೂ ಸಿಕ್ಕಿರುವುದಿಲ್ಲ. ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅರ್ಧ ಎಣಿಸಿ ಎರಡರಿಂದ ಗುಣಿಸಬಾರದು ಅಂತ ನರ್ಸಿಂಗ್ ಓದುವಾಗ ನಮ್ಮ ತಲೆಗೆ ತುಂಬಿದ್ದರು.

ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನೈಟ್ ಡ್ಯೂಟಿ ಮತ್ತು ಮೊಣಕಾಲು ಎರಡೂ ಕೈಕೊಟ್ಟ ಮೇಲೆ ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಶಾಲೆಯ ಸಿಕ್ ರೂಮಿಗೆ ಬಂದೆ. ಒಂದು ಮಂಚ, ಒಂದು ಬೀರು, ಒಂದು ಕಿಟಕಿ. ಈ ಕೋಣೆಯಲ್ಲಿ ಕೂತು ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಮಾತು ಒಂದೇ: ವರ್ಷಕ್ಕೊಂದು ದಿನ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಅಳೆಯುವುದರಿಂದ ಶಾಲೆಗೆ ಫೋಟೊ ಸಿಗುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. ಮತ್ತೆ ಮತ್ತೆ ಅಳೆಯುವ, ಕೇಳುವ, ಕಳಿಸಿದ ಮಗು ಆಸ್ಪತ್ರೆಗೆ ಹೋಯಿತೋ ಇಲ್ಲವೋ ಅಂತ ಬೆನ್ನು ಹತ್ತುವ ಒಬ್ಬ ನರ್ಸು ಬೇಕು.

ಅಳತೆಯ ಮಾತನ್ನೇ ತೆಗೆದುಕೊಳ್ಳಿ. ಗೋಡೆಗೆ ಅಂಟಿಸಿದ ಟೇಪಿನ ಕೆಳಗೆ ಟೈಲ್ಸಿನ ಸ್ಕರ್ಟಿಂಗ್ ಇರುತ್ತದೆ, ಮಗುವಿನ ಹಿಮ್ಮಡಿ ಗೋಡೆಗೆ ತಾಗುವುದೇ ಇಲ್ಲ. ಮೇಲೆ ಎತ್ತಿ ಕಟ್ಟಿದ ಜುಟ್ಟು. ತೂಕದ ಯಂತ್ರ ಕಾರ್ಪೆಟ್ಟಿನ ಮೇಲೆ, ಮಕ್ಕಳ ಕಾಲಲ್ಲಿ ಶೂ. ಕಣ್ಣಿನ ಪರೀಕ್ಷೆಯಂತೂ ದೊಡ್ಡ ತಮಾಷೆ. ಹಿಂದೆ ನಿಂತವರಿಗೆಲ್ಲ ಚಾರ್ಟು ಕಾಣುತ್ತಿರುತ್ತದೆ. ತನ್ನ ಸರದಿ ಬರುವಷ್ಟರಲ್ಲಿ ಮೂರನೇ ಕ್ಲಾಸಿನ ಜಾಣ ಅಷ್ಟೂ ಅಕ್ಷರಗಳನ್ನು ಬಾಯಿಪಾಠ ಮಾಡಿರುತ್ತಾನೆ. ಕಣ್ಣು ಮುಚ್ಚಿಕೋ ಅಂದರೆ ಬೆರಳ ಸಂದಿನಿಂದ ಇಣುಕುತ್ತಾನೆ. ನಾನು ಕಾರಿಡಾರಿನಲ್ಲಿ ಆರು ಮೀಟರ್ ಅಳೆದು ಗೆರೆ ಹಾಕಿದ್ದೇನೆ, ಒಬ್ಬೊಬ್ಬರನ್ನೇ ಕರೆಯುತ್ತೇನೆ, ಅಂಗೈ ಬಟ್ಟಲು ಮಾಡಿ ಕಣ್ಣು ಮುಚ್ಚಿಸುತ್ತೇನೆ. ಬಿಪಿ ಪಟ್ಟಿ ಮಗುವಿನ ತೋಳಿನ ಅಳತೆಯದ್ದೇ ಆಗಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಎಲ್ಲವೂ ನಾರ್ಮಲ್ ಅಂತ ಕಾರ್ಡಿನಲ್ಲಿ ಕೂರುತ್ತದೆ.

ಅಳತೆ ಸರಿಯಾಗಿದ್ದರೂ ಒಂದೇ ಸಲದ ಅಳತೆ ಹೇಳುವುದು ಸ್ವಲ್ಪ. ಎರಡನೆಯದು ಬಂದಾಗಲೇ ಮಗು ಯಾವ ಕಡೆ ಹೊರಟಿದೆ ಅನ್ನುವುದು ಕಾಣುವುದು. ಐದರಿಂದ ಹದಿನೆಂಟರವರೆಗಿನ ಮಕ್ಕಳಿಗೆಂದೇ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಬೆಳವಣಿಗೆಯ ಚಾರ್ಟ್ ಮಾಡಿಕೊಟ್ಟಿದೆ. ಅದರಲ್ಲಿ ಮೂರು ವರ್ಷ ಒಂದೇ ಗೆರೆಯ ಗುಂಟ ಸಾಗಿದ ಹುಡುಗಿ ನಾಲ್ಕನೇ ವರ್ಷ ಎರಡು ಗೆರೆ ಕೆಳಗಿಳಿದರೆ, ಅವಳ ತೂಕ ‘ನಾರ್ಮಲ್’ ಒಳಗೇ ಇದ್ದರೂ ನಾನು ಕೂರಿಸಿ ಮಾತಾಡುತ್ತೇನೆ. ನಮ್ಮ ಬಸುರಿ ಬಾಣಂತಿಯರ ತಾಯಿ ಕಾರ್ಡು ಇಂಥದ್ದೇ ಗೆರೆಗಳನ್ನು ಮಗುವಿನ ಮೊದಲ ವರ್ಷಗಳಿಗೆ ಕೊಟ್ಟಿದೆ. ಅಂಗನವಾಡಿ ಅಕ್ಕ ಅದರಲ್ಲಿ ಚುಕ್ಕೆ ಇಡುತ್ತಾಳೆ. ಮಗು ಶಾಲೆಗೆ ಸೇರುವ ಹೊತ್ತಿಗೆ ಆ ಕಾರ್ಡಿನ ಆಯುಸ್ಸು ಮುಗಿದಿರುತ್ತದೆ. ಆಮೇಲಿನ ಹತ್ತು ಹನ್ನೆರಡು ವರ್ಷ ಕೈಗೆ ಸಿಗುವುದು ಕೂಪನ್ ಇರುವ ಕಾರ್ಡು.

ಕಳೆದ ವರ್ಷ ಒಬ್ಬ ತಾಯಿ ಮಗನ ಕತ್ತು ತೋರಿಸಿ, “ನೋಡಿ ಸಿಸ್ಟರ್, ಎಷ್ಟು ಉಜ್ಜಿದ್ರೂ ಕೊಳೆ ಹೋಗಲ್ಲ, ಸರಿಯಾಗಿ ಸ್ನಾನ ಮಾಡಲ್ಲ ಇವ್ನು” ಅಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕತ್ತಿನ ಹಿಂಭಾಗ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ. ಅದು ಕೊಳೆಯಲ್ಲಮ್ಮ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗೆ ಕಾಣಿಸಿಕೊಳ್ಳಬಹುದು, ತೂಕವೂ ಏರಿದೆ, ಡಾಕ್ಟರಿಗೆ ತೋರಿಸಿ ಅಂದೆ. ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹುಡುಗನ ಚೆಕಪ್ ಕಾರ್ಡಿನಲ್ಲಿ ಚರ್ಮದ ಮುಂದೆ ಸರಿ ಗುರುತು ಇತ್ತು. ಅಂಗಿಯ ಕಾಲರ್ ಸರಿಸಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ರಕ್ತಹೀನತೆಯ ಕತೆ ಇನ್ನೂ ಉದ್ದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಅವರೇ ತಾನೆ ಬೆಳೆದು ನಮ್ಮ ಬೆಂಚುಗಳಲ್ಲಿ ಕೂರುವುದು? ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು, ನಾಲಿಗೆ, ಉಗುರು ನೋಡುವುದು ಸರಿ. ಅದಕ್ಕಿಂತ ಹೆಚ್ಚು ಸುಳಿವು ಸಿಗುವುದು ಕೇಳಿದಾಗ. “ಬಳಪ ತಿನ್ನಬೇಕು ಅನ್ಸುತ್ತಾ ಪುಟ್ಟಾ? ಹಸಿ ಅಕ್ಕಿ?” ಬೈಯದೆ ಕೇಳಿದರೆ ಹೇಳುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಒಳ್ಳೆಯ ಕೆಲಸ. ಆದರೆ ಊಟವಾದ ಮೇಲೆ ನುಂಗು, ಮಲ ಕಪ್ಪಾಗುತ್ತೆ, ಹೆದರಬೇಡ ಅಂತ ಮೊದಲೇ ಹೇಳದಿದ್ದರೆ ಎರಡನೇ ವಾರದ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಇನ್ನೊಂದು ಪ್ರಶ್ನೆ ಯಾವ ಕಾರ್ಡಿನಲ್ಲೂ ಇಲ್ಲ: ನೀರಿನ ಬಾಟಲಿ ಸಂಜೆ ಎಷ್ಟು ಖಾಲಿಯಾಗಿರುತ್ತೆ? ಶಾಲೆಯ ಟಾಯ್ಲೆಟ್ಟಿಗೆ ಹೋಗಬಾರದು ಅಂತ ಬೆಳಗ್ಗೆಯಿಂದ ಒಂದು ಗುಟುಕೂ ಕುಡಿಯದ ಹೆಣ್ಣುಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ತಲೆನೋವು, ಉರಿಮೂತ್ರ ಅಂತ ನನ್ನ ಹತ್ತಿರ ಬರುವವರು ಅವರೇ.

ಹನ್ನೆರಡು ವರ್ಷ ದಾಟಿದವರನ್ನು ಸಾಲಿನಲ್ಲಿ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗುವ ಪದ್ಧತಿ ನಿಲ್ಲಲೇಬೇಕು. “ಅರವತ್ತೆರಡು!” ಅಂತ ಕೂಗಿದ ಮರುದಿನದಿಂದ ಟಿಫನ್ ಬಾಕ್ಸ್ ತುಂಬಿಯೇ ವಾಪಸ್ಸು ಹೋಗುತ್ತದೆ. ಈ ವಯಸ್ಸಿನವರ ತಪಾಸಣೆ ಬಾಗಿಲು ಹಾಕಿದ ಕೋಣೆಯ ಕೆಲಸ. ಅಮ್ಮನ ಮುಂದೆ ಸ್ವಲ್ಪ, ಅಮ್ಮನನ್ನು ಹೊರಗೆ ಕೂರಿಸಿ ಸ್ವಲ್ಪ. ಮನೆಯಲ್ಲಿ ಯಾರ್ಯಾರಿದ್ದಾರೆ ಅನ್ನುವಲ್ಲಿಂದ ಶುರು ಮಾಡಿ, ಓದು, ಊಟ, ನಿದ್ದೆ, ಮೊಬೈಲು, ಗೆಳೆಯರು ಅಂತ ದಾಟಿ, ಕೊನೆಗೆ ಸಿಗರೇಟು, ಮುಟ್ಟು, ಯಾರಾದರೂ ಮೈಮುಟ್ಟಿದ್ದು, ಬದುಕು ಬೇಡ ಅನ್ನಿಸಿದ್ದು ಇಂಥ ಕಷ್ಟದ ಮಾತಿಗೆ ಬರಬೇಕು. ಹೇಳಿದ್ದನ್ನು ಕ್ಲಾಸ್ ಟೀಚರಿಗೆ ಒಪ್ಪಿಸುವುದಿಲ್ಲ ಅಂತ ಮಾತು ಕೊಡುತ್ತೇನೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಾನು ಮುಚ್ಚಿಡುವಂತಿಲ್ಲ ಅನ್ನುವುದನ್ನೂ ಮೊದಲೇ ಹೇಳುತ್ತೇನೆ. “ನನ್ ಮಗಳು ನನ್ನಿಂದ ಏನೂ ಮುಚ್ಚಿಡಲ್ಲ” ಅಂತ ಎದ್ದು ಹೋಗಲು ಒಪ್ಪದ ಅಮ್ಮಂದಿರಿದ್ದಾರೆ. ಅವರಿಗೆ ಹೊರಗಡೆ ಕುರ್ಚಿ, ಕಾಫಿ ಎರಡೂ ಕೊಡುತ್ತೇನೆ.

ಇದೆಲ್ಲ ಹೊಸ ಬೇಡಿಕೆಯೇನಲ್ಲ. ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಮೊದಲಾದದ್ದು 1909ರಲ್ಲಿ, ಬರೋಡಾ ನಗರದಲ್ಲಿ. 1946ರ ಭೋರ್ ಸಮಿತಿ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದಿತು. ಆಮೇಲೆ ಶಾಲಾ ಆರೋಗ್ಯಕ್ಕೆಂದೇ ನೇಮಿಸಿದ ರೇಣುಕಾ ರೇ ಸಮಿತಿ 1961ರಲ್ಲಿ ವರದಿ ಕೊಟ್ಟಿತು. ವರದಿಗಳಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ನನಗೆ ಹೆಚ್ಚು ಇಷ್ಟವಾಗುವುದು 1902ರ ನ್ಯೂಯಾರ್ಕಿನ ಸಂಗತಿ. ಅಲ್ಲಿ ಡಾಕ್ಟರುಗಳು ಶಾಲೆಗೆ ಬಂದು ಹೇನು, ಹುಳುಕಡ್ಡಿ, ಕಣ್ಣುಬೇನೆ ಇರುವ ಮಕ್ಕಳನ್ನು ಗುರುತಿಸಿ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಔಷಧ ಹಚ್ಚುವವರಿರಲಿಲ್ಲ, ಮಕ್ಕಳು ಬೀದಿಯಲ್ಲಿ ಆಡಿಕೊಂಡಿದ್ದರು, ತರಗತಿಗಳು ಖಾಲಿ. ಅಲ್ಲಿನ ನರ್ಸ್ ಲಿಲಿಯನ್ ವಾಲ್ಡ್ ತಮ್ಮ ಸೇವಾ ಸಂಸ್ಥೆಯಿಂದ ಲಿನಾ ರೋಜರ್ಸ್ ಎಂಬ ಒಬ್ಬ ನರ್ಸನ್ನು ನಾಲ್ಕು ಶಾಲೆಗಳಿಗೆ ಕಳಿಸಿದರು. ಆಕೆ ಶಾಲೆಯಲ್ಲೇ ಔಷಧ ಹಚ್ಚಿ ತರಗತಿಗೆ ವಾಪಸ್ ಕಳಿಸಿದಳು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟಳು. ನಗರ ಇನ್ನಷ್ಟು ನರ್ಸುಗಳನ್ನು ನೇಮಿಸಿತು, ವರ್ಷದೊಳಗೆ ಹಾಗೆ ಮನೆಗೆ ಅಟ್ಟಿಸಿಕೊಳ್ಳುವ ಮಕ್ಕಳ ಸಂಖ್ಯೆ ಸುಮಾರು ಹತ್ತನೇ ಒಂದಕ್ಕೆ ಇಳಿಯಿತು. ಕಾಯಿಲೆ ಗುರುತಿಸುವವರು ಅಲ್ಲಿ ಮೊದಲೇ ಇದ್ದರು. ಇಲ್ಲದಿದ್ದದ್ದು ಬೆನ್ನು ಹತ್ತುವವರು.

ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತೊಂದರೆ ಸಿಕ್ಕರೆ ಉಚಿತ ಚಿಕಿತ್ಸೆಗೆ ದಾರಿಯೂ ಇದೆ. ಆದರೆ ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಅರೆಕೆರೆ, ಹುಳಿಮಾವಿನ ಬಡಮಕ್ಕಳೆಲ್ಲ ಅಲ್ಲೇ ಇದ್ದಾರೆ ಅಂತ ಯಾರಾದರೂ ತಿಳಿದಿದ್ದರೆ ಒಮ್ಮೆ ಬಂದು ನೋಡಬೇಕು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ, ಮನೆಗೆಲಸದವರ, ರಾಯಚೂರು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಸಾಲ ಮಾಡಿ ಫೀಸು ಕಟ್ಟಿದ ಪುಟ್ಟ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿದ್ದಾರೆ. ಆ ಶಾಲೆಗೆ ನರ್ಸು ಇಡುವ ತಾಕತ್ತಿಲ್ಲ, ಸರ್ಕಾರದ ತಂಡ ಅಲ್ಲಿಗೆ ಹೋಗುವುದಿಲ್ಲ, ಸರ್ಕಾರದ ‘ನಮ್ಮ ಕ್ಲಿನಿಕ್’ ತೆರೆದಿರುವ ಹಗಲು ಹೊತ್ತಿನಲ್ಲಿ ಮಕ್ಕಳು ಶಾಲೆಯಲ್ಲಿ, ಅಪ್ಪ ಅಮ್ಮ ಕೆಲಸದಲ್ಲಿ. ಫೀಸು ಕಟ್ಟಿದ ತಪ್ಪಿಗೆ ಆ ಮಗುವಿನ ಕಿವಿ ಸೋರುವುದು ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ. ಈ ಗೋಡೆ ಒಡೆಯುವುದು ಒಂದು ಸುತ್ತೋಲೆಯ ಕೆಲಸ.

ಇಷ್ಟೊಂದು ಶಾಲೆಗಳಿಗೆ ಹೋಗಲು ಜನ ಎಲ್ಲಿದ್ದಾರೆ ಅಂತ ಕೇಳುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಕೂತಿರುವುದು ಇಲ್ಲಿಂದ ಸ್ವಲ್ಪ ದೂರದ ಜಯನಗರದಲ್ಲಿ. ನರ್ಸಿಂಗ್ ಕಾಲೇಜುಗಳಿಗೆ ಈ ಊರಿನಲ್ಲಿ ಬರವಿಲ್ಲ. ಮಕ್ಕಳ ತಪಾಸಣೆ, ಸಮುದಾಯ ಆರೋಗ್ಯ ಎರಡೂ ಆ ವಿದ್ಯಾರ್ಥಿಗಳ ಪಠ್ಯದಲ್ಲೇ ಇವೆ. ಪೋಸ್ಟಿಂಗ್ ಅಂತ ಒಂದೊಂದು ವರ್ಷ ಒಂದೊಂದು ಬಡಾವಣೆ ಸುತ್ತಿ ಫೈಲು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ಬದಲು ಒಂದು ಕಾಲೇಜಿಗೆ ನಾಲ್ಕೈದು ಸಣ್ಣ ಶಾಲೆಗಳನ್ನು ಕಾಯಮ್ಮಾಗಿ ವಹಿಸಿ. ಜೊತೆಗೆ ಅನುಭವವಿರುವ ಒಬ್ಬ ಟ್ಯೂಟರ್ ಇರಲಿ. ಬಿಎಸ್ಸಿ ನರ್ಸಿಂಗಿನ ಹುಡುಗಿ ಮೊದಲ ವರ್ಷ ಎತ್ತರ ಅಳೆದ ಒಂದನೇ ಕ್ಲಾಸಿನ ಮಗುವನ್ನೇ ನಾಲ್ಕನೇ ವರ್ಷದಲ್ಲೂ ಅಳೆಯಲಿ, ಕನ್ನಡಕ ಬರೆದುಕೊಟ್ಟಿದ್ದ ಮಗು ಅದನ್ನು ಹಾಕಿಕೊಂಡಿದೆಯೇ ಅಂತ ನೋಡಲಿ. ರಿಜಿಸ್ಟರು ಕಾಲೇಜಿಗೆ ಹೋಗದೆ ಶಾಲೆಯ ಬೀರುವಿನಲ್ಲೇ ಉಳಿಯಲಿ. ಕಟ್ಟಡ ಮುಗಿದು ಅಪ್ಪ ಅಮ್ಮ ಬೇರೆ ಸೈಟಿಗೆ ಹೊರಟಾಗ ಮಗುವಿನ ಹಾಳೆಯ ಒಂದು ಪ್ರತಿಯನ್ನು ಹೆಡ್‌ಮಿಸ್ ಟಿಸಿಯ ಜೊತೆಗೇ ಪಿನ್ ಮಾಡಿ ಕೊಡಲಿ.