ಗುರುತಿನ ಚೀಟಿಯ ಭಾವಚಿತ್ರ

ಭಾವಚಿತ್ರ ತೆಗೆಸಿಕೊಳ್ಳುವುದೆಂದರೆ ಗ್ರಾಮಾಂತರದಲ್ಲಿ ಒಂದು ಕಾಲಕ್ಕೆ ಸಣ್ಣ ಹಬ್ಬವೇ ಆಗಿತ್ತು. ಆದಿಚುಂಚನಗಿರಿಯ ಸುತ್ತಣ ಊರುಗಳಿಂದ ನಾಗಮಂಗಲಕ್ಕೋ ಬೆಳ್ಳೂರಿಗೋ ಹೋಗಿ, ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರು ಬಳಿದುಕೊಂಡು ಸ್ಟುಡಿಯೋದಲ್ಲಿ ನಿಲ್ಲುತ್ತಿದ್ದವರ ಚಿತ್ರಗಳು ಮನೆಯ ಗೋಡೆಯನ್ನು ಅಲಂಕರಿಸುತ್ತಿದ್ದವು. ಆ ಚಿತ್ರ ಸೊಗಸಿಗಾಗಿ. ಗುರುತಿನ ಚೀಟಿಯ ಚಿತ್ರವಾದರೋ ಗುರುತಿಗಾಗಿ. ಈ ವ್ಯತ್ಯಾಸವನ್ನು ಪೋಷಕರೂ ಉಪಾಧ್ಯಾಯರೂ ಮನಗಾಣುವುದು ಅಗತ್ಯ.

ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿ ನೀಡಲು ನಿರ್ಧಾರವಾಯಿತು. 2010ರಿಂದ ಆಧಾರ್ ಸಂಖ್ಯೆಯೂ ಬಂದಿತು. ಹೀಗೆ ವಯಸ್ಕರಿಗೆ ಮಾತ್ರವಲ್ಲದೆ ಹಸುಳೆಗಳಿಗೂ ಸರ್ಕಾರಿ ಭಾವಚಿತ್ರ ಬೇಕಾಯಿತು. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚನ್ನು ಆಧಾರ್‌ಗೆ ಪಡೆಯುವುದಿಲ್ಲ, ಚಿತ್ರವನ್ನಷ್ಟೇ ತೆಗೆಯುತ್ತಾರೆ. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಪಾಪೆಗಳನ್ನು ದಾಖಲಿಸಿ, ಹದಿನೈದರಲ್ಲಿ ಮತ್ತೊಮ್ಮೆ ನವೀಕರಿಸಬೇಕು. ಈ ಎರಡೂ ಘಟ್ಟಗಳು ಶಾಲೆಯ ವರ್ಷಗಳಲ್ಲಿಯೇ ಬರುತ್ತವೆ.

ಇಂತಹ ಚಿತ್ರಕ್ಕೆ ಸಿದ್ಧತೆ ಅಲ್ಪವೇ ಸಾಕು. ಮುಖ ನೇರವಾಗಿರಬೇಕು, ಕಣ್ಣು ತೆರೆದಿರಬೇಕು, ಕೂದಲು ಹಣೆಯಿಂದ ಇಳಿದು ಕಣ್ಣನ್ನು ಮುಚ್ಚಬಾರದು, ನೆರಳು ಬೀಳಬಾರದು. ಆದರೆ ಕಪ್ಪು ಮೈಬಣ್ಣದ ಮಗುವನ್ನು ಪೌಡರಿನಿಂದಲೋ ಕಂಪ್ಯೂಟರಿನಿಂದಲೋ ಬೆಳ್ಳಗೆ ಮಾಡುವ ಪದ್ಧತಿ ಖಂಡನೀಯ. ಅದರಿಂದ ಗುರುತು ಕೆಡುತ್ತದೆ. ಅದಕ್ಕಿಂತ ಮಿಗಿಲಾಗಿ, ತನ್ನ ಮುಖ ಇದ್ದಂತೆಯೇ ಸರಿಯಲ್ಲವೆಂಬ ಕೀಳರಿಮೆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ.

ಮುಖಕ್ಕೆ ತೋರುವ ಇಷ್ಟು ಆಸ್ಥೆಯಲ್ಲಿ ಅರ್ಧದಷ್ಟನ್ನಾದರೂ ಚಿತ್ರದ ಪಕ್ಕದ ಅಕ್ಷರಗಳಿಗೆ ತೋರಬೇಡವೇ? ಜನನ ದಾಖಲೆಯಿಲ್ಲದ ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆದ ಜೂನ್ 1ನೆಯ ತಾರೀಖೇ ಹುಟ್ಟಿದ ದಿನವಾಯಿತು. ‘ಗೌಡ’ ಎಂಬ ಒಂದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಾಗಿ ಬರೆಯುವುದುಂಟು. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಶಾಲಾ ದಾಖಲೆಯೂ ಆಧಾರ್ ಕಾರ್ಡೂ ಬ್ಯಾಂಕಿನ ಪುಸ್ತಕವೂ ಪರಸ್ಪರ ಹೊಂದದಿದ್ದರೆ ಬಡ ವಿದ್ಯಾರ್ಥಿಯ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ತಿದ್ದುಪಡಿಗಾಗಿ ಕೂಲಿ ಬಿಟ್ಟು ಅಲೆಯುವವರು ತಂದೆತಾಯಿಗಳು.

ಆದುದರಿಂದ ಪ್ರತಿ ಶಾಲೆಯೂ ವರ್ಷಾರಂಭದಲ್ಲಿ ಒಂದು ದಿನ ಪೋಷಕರನ್ನು ಕರೆದು, ಪ್ರತಿ ಮಗುವಿನ ಹೆಸರನ್ನೂ ಜನ್ಮದಿನಾಂಕವನ್ನೂ ಓದಿ ಹೇಳಿ, ದಾಖಲೆಗಳನ್ನು ಹೋಲಿಸಿ ನೋಡುವುದು ಒಳಿತು. ಓದು ಬಾರದ ಪೋಷಕರಿಗೆ ಇದರಿಂದಾಗುವ ಉಪಕಾರ ಅಪಾರ. ಅಂದೇ ಭಾವಚಿತ್ರವನ್ನೂ ತೆಗೆಸುವುದಾದರೆ ಅದರ ಅಲ್ಪ ವೆಚ್ಚವನ್ನು ವಹಿಸಲು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮುಂದೆ ಬರಬೇಕು. ಕಟ್ಟಡಕ್ಕೆ ನೀಡುವ ದಾನದಂತೆ ಇದು ಕಣ್ಣಿಗೆ ಕಾಣುವುದಿಲ್ಲ. ಆದರೂ ಒಂದು ಮಗುವಿನ ಮುಂದಿನ ದಾರಿಯ ಹಲವು ಅಡೆತಡೆಗಳನ್ನು ಇದು ನಿವಾರಿಸಬಲ್ಲದು.